ಕಿವಿಯ ವ್ಯಾನು

ಲಿಂಡ್‌ಹರ್ಸ್ಟ್ ದಾಟಿದ ಮೇಲೆ
ರಸ್ತೆ ತಿರುಗುವುದನ್ನೇ ಮರೆತುಬಿಡುತ್ತದೆ.
ಕೋಲೀನ್ ಮೊಣಕೈಯಲ್ಲೇ ಸ್ಟಿಯರಿಂಗ್ ಹಿಡಿದು
ಕಿತ್ತಳೆ ಸುಲಿಯುತ್ತಾಳೆ.
ಗಂಟೆಗೊಂದು ಗಾಡಿ ಎದುರಾದರೆ
ಹಣ್ಣು ಮಡಿಲಲ್ಲಿಟ್ಟು ತೋರುಬೆರಳೊಂದನ್ನು ಎತ್ತುತ್ತಾಳೆ.
ಅತ್ತಲಿಂದಲೂ ಒಂದು ಬೆರಳು ಏಳುತ್ತದೆ,
ಧೂಳು ಇಬ್ಬರನ್ನೂ ಮುಚ್ಚುತ್ತದೆ.
‘ಯಾರದು?’
‘ಯಾರಿಗೆ ಗೊತ್ತು.’

ರಾಣೆಬೆನ್ನೂರಿನ ಬಸ್‌ಸ್ಟ್ಯಾಂಡಿನಲ್ಲಿ
ಚಹಾ ಆರುವಷ್ಟರಲ್ಲಿ ಕಂಡಷ್ಟು ಮುಖ
ಇಲ್ಲಿ ಕಾಣಲು ಒಂದು ಬೇಸಿಗೆ ಬೇಕು.
ಅಲ್ಲಿ ಗುರುತಿಲ್ಲದವರಿಗೆ ಕೈಯೆತ್ತಿದ ನೆನಪಿಲ್ಲ ನನಗೆ.
ಎತ್ತಲು ಕೈ ಆಡಬೇಕಲ್ಲ.

ಬೆಳಿಗ್ಗೆ ಬೆಟ್ಟಗಳಿದ್ದವು, ಹಳೇ ಹುಣಸೆಹಣ್ಣಿನ ಬಣ್ಣ,
ನೆರಿಗೆ ಹಿಡಿದು ಉಡಿಸಿದಂತೆ.
ಆಮೇಲೆ ಬೂದಿ ಬಳಿದ ಕುರುಚಲು.
ಆಮೇಲೆ ಕಲ್ಲು, ಬರೀ ಕಲ್ಲು,
ಇಷ್ಟು ದಿನ ಅಕ್ಕಿಯಲ್ಲಿ ಆರಿಸಿ ಚೆಲ್ಲಿದ್ದೆಲ್ಲ
ಇಲ್ಲಿಗೇ ಬಂದು ಬಿದ್ದಂತೆ.
ಬೇಲಿಯ ಗುಂಟ ಮೂರು ಎಮು
ನಮ್ಮೊಡನೆ ಪಂದ್ಯ ಕಟ್ಟಿ ಓಡಿ, ಸೋತು,
ಪಂದ್ಯವೇ ಇರಲಿಲ್ಲವೆಂಬಂತೆ ಬೇರೆ ಕಡೆ ನೋಡಿದವು.

ವ್ಯಾನಿನ ಹೊಟ್ಟೆಯಲ್ಲಿ ನನ್ನ ಕೋಣೆ:
ಸ್ಪಂಜಿನ ಗೋಡೆ, ಒಂದು ಸ್ಟೂಲು, ಹೆಡ್‌ಫೋನು,
ವೈರಿನ ತುದಿಗೆ ಒಂದು ಕೆಂಪು ಗುಂಡಿ.
ಸದ್ದಿಲ್ಲದ ದೇಶದ ತುಂಬ
ಸದ್ದಿಲ್ಲದ ಪೆಟ್ಟಿಗೆಯೊಂದನ್ನು ಹೊತ್ತು ತಿರುಗುವುದು
ಸಮುದ್ರದ ಬಾಗಿಲಿಗೆ ಉಪ್ಪು ಮಾರಲು ಹೋದಂತೆ.

ಮರ‍್ರೀ ಊರು. ರೈಲಿಲ್ಲದ ರೈಲು ನಿಲ್ದಾಣ.
ಕ್ಲೆಮ್ ಹೆನ್ಷ್‌ಕೆ, ಎಂಬತ್ತೊಂದು,
ಮೂವತ್ತು ವರ್ಷ ಹಳಿಗೆ ಸುತ್ತಿಗೆ ಬಡಿದ ಕಿವಿ.
‘ಕೂಗು ಕೇಳಿದರೆ ಗುಂಡಿ ಒತ್ತಿ’ ಅಂದೆ, ಬಾಗಿಲು ಹಾಕಿದೆ.
ನಾನಿನ್ನೂ ಏನನ್ನೂ ಕಳಿಸಿರಲಿಲ್ಲ,
ದೀಪ ಹತ್ತಿತು. ತುಸು ಬಿಟ್ಟು ಮತ್ತೆ.
ಗಾಜಿನಾಚೆ ಮುದುಕ ಗಂಭೀರ, ಹೆಬ್ಬೆರಳಷ್ಟೇ ಜೀವಂತ.
‘ಏನು ಕೇಳಿಸಿತು?’
‘ಏನಿಲ್ಲಮ್ಮ. ಆಚೆ ನೀನೊಬ್ಬಳೇ ಕಾಯುತ್ತ ಕೂತಿದ್ದೆ.
ಸುಮ್ಮನಿದ್ದರೆ ಚೆನ್ನಾಗಿರೋದಿಲ್ಲ ಅನ್ನಿಸಿತು.’

ನನ್ನ ಯಂತ್ರದ ಹಾಳೆಯಲ್ಲಿ
ಇದನ್ನು ಬರೆಯುವ ಚೌಕವಿಲ್ಲ.

ಮಧ್ಯಾಹ್ನ ಟೈಲಾ, ಎಂಟು ವರ್ಷ, ಎರಡೂ ಕಿವಿ ಸೋರಿದ ಗುರುತು.
ಟೀಚರು ಕೊಟ್ಟ ಚೀಟಿ: ಹೇಳಿದ್ದು ಕೇಳುವುದಿಲ್ಲ.
ನಾನು ಅದನ್ನು ಕನ್ನಡದಲ್ಲಿ ಓದಿಕೊಂಡೆ, ಮೂರು ಸಲ,
ಒಂದೇ ಕೇಳು: ಕಿವಿಯದ್ದು, ಬಾಯಿಯದ್ದು,
ತಲೆ ತಗ್ಗಿಸುವುದೂ ಅದೇ.
ಅವಳ ಗೆರೆ ಹಾಳೆಯ ಮೇಲೆ ಇಳಿಯುತ್ತಲೇ ಹೋಯಿತು.
ಥಟ್ಟನೆ ಹೆಡ್‌ಫೋನ್ ತೆಗೆದು, ಅಂಗಾಲು ನೆಲಕ್ಕೊತ್ತಿ,
‘ದೊಡ್ಡ ಲಾರಿ ಬರ್ತಿದೆ’ ಅಂದಳು.
ನನ್ನ ನೂರಕ್ಕೆ ನೂರು ಕಿವಿಗೆ
ಅದು ಬಂದದ್ದು ಇನ್ನೊಂದು ನಿಮಿಷಕ್ಕೆ.
ಅಡಿಲೇಡಿನ ಡಾಕ್ಟರಿಗೆ ಬರೆದೆ: ತುರ್ತು.
ಟೀಚರಿಗೆ ಬರೆದೆ: ಕೇಳುತ್ತಾಳೆ. ನೀವು ಮೊದಲ ಬೆಂಚಿಗೆ ಕೂರಿಸಿ.

ಮರುದಿನ ವಿಲಿಯಂ ಕ್ರೀಕಿನ ದಾರಿ, ಸ್ಟಿಯರಿಂಗ್ ನನ್ನ ಕೈಗೆ.
ಎಡಕ್ಕೆ ಉಪ್ಪಿನ ಸರೋವರ
ನೀರಿನ ಸಾಲ ತೀರಿಸಿ ಬಿಳಿಚಿಕೊಂಡಿತ್ತು.
ಕೋಲೀನಳ ಟೋಪಿ ಮೂಗಿನ ಮೇಲೆ, ಸಣ್ಣ ಗೊರಕೆ.
ದೂರದಲ್ಲಿ ಬಿಸಿಲು ಕುದಿದು, ಅದರೊಳಗಿಂದ
ಏನೋ ಒಂದು ಬರುತ್ತಿತ್ತು, ಕಪ್ಪಗೆ, ಬರುತ್ತಲೇ ಇತ್ತು.
ನಾನು ಬೆರಳೆತ್ತಿದೆ.
ಹತ್ತಿರವಾದಾಗ ನೋಡಿದರೆ ರೈಲಿನ ಕಾಲದ ನೀರಿನ ಟ್ಯಾಂಕು,
ತಳ ತೂತು, ಮೇಲೊಂದು ಕಾಗೆ.

ಬೆರಳನ್ನು ಮೆಲ್ಲಗೆ ಇಳಿಸುವಾಗ
ಟೋಪಿಯೊಳಗಿಂದ ಕೋಲೀನ್ ಅಂದಳು:
‘ಇರಲಿ ಬಿಡು. ಅದೂ ಎಷ್ಟೋ ವರ್ಷದಿಂದ
ಕಾಯುತ್ತ ನಿಂತಿದೆ.’